ಬಿಚ್ಚಲು ಹೋದ ತೊಟ್ಟಿಲು

ದಸರಾ ರಜೆ ಎಂದರೆ ನನಗೆ ನಿದ್ದೆ, ಬೇರೇನೂ ಅಲ್ಲ. ಆಗ ನಾನು ಬಿಳಿಗೆರೆಯ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಂಜನಗೂಡಿನ ಬಾಡಿಗೆ ಮನೆಯಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಹೋಗಿ, ಸಂಜೆ ನಿಂತೇ ಬರುತ್ತಿದ್ದೆ. ಪರೀಕ್ಷೆಯ ಪೇಪರ್ ಕಟ್ಟು ತಿದ್ದಿ ಮುಗಿಸಿ, ಇನ್ನು ರಜೆ ಮುಗಿಯುವ ತನಕ ಯಾರೂ ನನ್ನನ್ನು ಎಬ್ಬಿಸಬೇಡಿ ಎಂದು ಚಾಪೆ ಹಾಸಿದ ಮಧ್ಯಾಹ್ನವೇ ನನ್ನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು.

"ರೀ, ಮಾದಪ್ಪನ ಬೆಟ್ಟಕ್ಕೆ ಹೋಗ್ಬರೋಣ. ತಾಳಬೆಟ್ಟದಿಂದ ನಡ್ಕೊಂಡು."

ನನಗೆ ಸಿಟ್ಟು ನೆತ್ತಿಗೇರಿತು. "ಇನ್ನೂ ಒಂದು ಹರಕೇನಾ? ಬಾಕಿ ಯಾವ್ದಾದ್ರೂ ದೇವ್ರು ಉಳ್ದಿದ್ರೆ ಪಟ್ಟಿ ಮಾಡ್ಕೊಡು, ಒಟ್ಟಿಗೇ ಮುಗಿಸ್ಬಿಡೋಣ" ಎಂದೆ.

"ಹರಕೆ ಅಲ್ಲ. ಕಟ್ಟಿದ್ದನ್ನ ಬಿಚ್ಕೊಂಡು ಬರೋಣ" ಎಂದಳು.

ನಾನು ಎದ್ದು ಕೂತೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಾಗಿರಲಿಲ್ಲ. ಮದುವೆಯಾದ ಮೂರನೇ ವರ್ಷ ನಮ್ಮವ್ವ ನಮ್ಮಿಬ್ಬರನ್ನೂ ಆ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದಳು. ಕಾಲುದಾರಿಯ ಅರ್ಧದಲ್ಲಿ ಒಂದು ದೊಡ್ಡ ಕಾಡುಮರವಿದೆ. ಮಕ್ಕಳು ಬೇಕೆನ್ನುವವರು ಅದರ ಕೊಂಬೆಗೆ ಅಂಗೈಯಗಲದ ಬಟ್ಟೆಯ ತೊಟ್ಟಿಲು ಕಟ್ಟಿ, ಮಗುವಿನ ಲೆಕ್ಕಕ್ಕೆ ಅದರೊಳಗೆ ಒಂದು ಬೆಣಚುಕಲ್ಲು ಮಲಗಿಸಿ ಹೋಗುತ್ತಾರೆ. ಮಗು ಹುಟ್ಟಿದರೆ ಅದನ್ನು ಎತ್ತಿಕೊಂಡು ಬಂದು ತಮ್ಮ ತೊಟ್ಟಿಲನ್ನು ತಾವೇ ಬಿಚ್ಚಬೇಕು. ಬೇರೆಯವರೆಲ್ಲ ಹಳೇ ಪಂಚೆ, ಸೀರೆ ಹರಿದು ಕಟ್ಟಿದ್ದರು. ನನ್ನ ಹೆಂಡತಿ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಬೀದಿಯ ಹೆಂಗಸರ ರವಿಕೆ ಹೊಲಿಯುವವಳು. ಅವಳು ನೀಲಿ ಬಟ್ಟೆಯ ನಾಲ್ಕೂ ಅಂಚನ್ನು ಮಡಿಸಿ, ಕೈಯಲ್ಲೇ ಸಣ್ಣ ಹೊಲಿಗೆ ಹಾಕಿ ತಂದಿದ್ದಳು. ಬರುವ ಮಗುವಿಗೆ ಹರಕು ಬಟ್ಟೆ ಯಾಕೆ ಎಂದು ಆವತ್ತು ನಗುತ್ತಿದ್ದಳು.

ಆಮೇಲೆ ಎಂಟು ವರ್ಷ ಮೈಸೂರಿನ ಡಾಕ್ಟರುಗಳು. ಅವಳ ಪರೀಕ್ಷೆಗಳೆಲ್ಲ ಆದ ಮೇಲೆ ನಿಮ್ಮದೂ ಆಗಲಿ ಎಂದು ಡಾಕ್ಟರಮ್ಮ ಹೇಳಿದರೆ, ನಾನು ರಜೆ ಇಲ್ಲ ಎಂದು ಎರಡು ವರ್ಷ ತಳ್ಳಿದೆ. ಆ ಎರಡು ವರ್ಷ ಊರಿನವರ ಮಾತನ್ನೆಲ್ಲ ಅವಳೊಬ್ಬಳೇ ಕೇಳಿಸಿಕೊಂಡಳು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಕೊನೆಗೆ ಮಾಡಿಸಿದೆ. ಇಬ್ಬರಿಗೂ ಏನೂ ತೊಂದರೆ ಇಲ್ಲ ಎಂದರು. ಏನಾದರೂ ತೊಂದರೆ ಇದ್ದಿದ್ದರೆ ಅದಕ್ಕೊಂದು ಹೆಸರಿರುತ್ತಿತ್ತು, ಬೈಯಬಹುದಿತ್ತು. ಏನೂ ಇಲ್ಲ ಎಂಬುದನ್ನು ಹೊತ್ತುಕೊಂಡು ತಿರುಗುವುದು ಬಹಳ ಸುಸ್ತಿನ ಕೆಲಸ.

"ಖಾಲಿ ತೊಟ್ಲು ತೂಗ್ಬಾರ್ದು ಅಂತಾರಲ್ವಾ?" ಎಂದಳು ಅವಳು ಚಾಪೆಯ ಅಂಚಿಗೆ ಕೂತು. "ಗಾಳಿ ಬೀಸಿದಾಗೆಲ್ಲ ಅದು ಅಲ್ಲಿ ತೂಗಾಡ್ತಿದೆ ಅನ್ಸುತ್ತೆ ರೀ. ಹನ್ನೊಂದು ವರ್ಷ ಕೇಳಿದ್ದಾಯ್ತು. ಇನ್ನು ಕೇಳೋಕೆ ನನ್ ಕೈಲಾಗಲ್ಲ. ಅದನ್ನ ಬಿಚ್ಚಿದ್ರೆ ನಂಗೆ ಮುಗಿಯುತ್ತೆ."

ಅವಳಿಗೆ ಬೇಕಾದದ್ದು ಅಷ್ಟೇ. ನಾನು ಚಾಪೆ ಸುತ್ತಿಟ್ಟೆ.

ಮೊದಲ ದಿನ ಮೂಗೂರಿನಲ್ಲಿ ಇಳಿದೆವು. ನಮ್ಮವ್ವ ಅಲ್ಲಿ ನನ್ನ ತಮ್ಮನ ಜೊತೆ ಇದ್ದಳು. ಬೆಟ್ಟಕ್ಕೆ ಎಂದ ತಕ್ಷಣ ಅವಳ ಮುಖ ಅರಳಿತು. ಸುಮ್ಮನೆ ಹೂಂ ಎಂದುಬಿಡು ಎಂದು ನಾನು ಕಣ್ಣಲ್ಲೇ ಹೇಳಿದರೂ ಹೆಂಡತಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

"ಅಯ್ಯೋ ಸಿವ್ನೆ! ಅವ್ನು ಕೊಡೋಕ್ ಮುಂಚೆ ಬಿಚ್ಚಾರೇನವ್ವಾ? ನಂಗ್ ಬ್ಯಾಡ ಅಂತ ಯೋಳ್ದಂಗಾಯ್ತದೆ" ಎಂದಳು ಅವ್ವ.

"ಬೇಡ ಅಂತ ಅಲ್ಲ ಅತ್ತೆ, ಸಾಕು ಅಂತ."

ಅವ್ವ ಮುಖ ಊದಿಸಿಕೊಂಡು ಒಳಗೆ ಹೋದಳು. ಬೆಳಿಗ್ಗೆ ಮಾತ್ರ ಹುಣಿಸೆಹುಳಿ ಕಲಸಿದ ಅನ್ನವನ್ನು ಬಾಳೆಲೆಯಲ್ಲಿ ಕಟ್ಟಿಟ್ಟಿದ್ದಳು. ನನ್ನ ಕೈಗೆ ಕೊಟ್ಟಳು, ಸೊಸೆಯ ಕಡೆ ನೋಡಲಿಲ್ಲ.

ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ ಹೊರಟೆವು. ಆ ವರ್ಷಗಳಲ್ಲಿ ಕಾಡುಗಳ್ಳನ ದೆಸೆಯಿಂದ ಆ ದಾರಿಯಲ್ಲಿ ಪೊಲೀಸರ ತಪಾಸಣೆ ಇದ್ದೇ ಇತ್ತು. ಒಬ್ಬ ಪೇದೆ ನಮ್ಮ ಚೀಲಕ್ಕೆ ಕೈಹಾಕಿ ಅವಳ ಹೊಲಿಗೆಯ ಕತ್ತರಿ ತೆಗೆದ. "ಇದ್ಯಾಕಮ್ಮ ಬೆಟ್ಟಕ್ಕೆ?" ಎಂದ. "ಗಂಟು ಬಿಗಿಯಾಗಿರುತ್ತೆ" ಎಂದಳು. ಅವನು ನನ್ನ ಮುಖ ನೋಡಿದ. ನಾನು ಕಿಟಕಿಯ ಕಡೆ ತಿರುಗಿದೆ. ಪಾಪ, ಏನು ಅರ್ಥ ಮಾಡಿಕೊಂಡನೋ, ಕತ್ತರಿ ವಾಪಸು ಕೊಟ್ಟ.

ತಾಳಬೆಟ್ಟದಲ್ಲಿ ಚಪ್ಪಲಿಗಳನ್ನು ಕಾಯಿ ಅಂಗಡಿಯವನ ಹತ್ತಿರ ಬಿಟ್ಟು ಬರಿಗಾಲಲ್ಲಿ ಮೆಟ್ಟಿಲು ಹತ್ತಲು ಶುರುಮಾಡಿದೆವು. ಬೆಟ್ಟ ಹತ್ತುವುದರಲ್ಲಿ ಆನಂದವಿದೆ ಎನ್ನುವವರು ಶೂ ಹಾಕಿಕೊಂಡು ಹತ್ತಿರಬೇಕು. ಕಲ್ಲು, ಮುಳ್ಳು, ಒಂದೊಂದು ಮೆಟ್ಟಿಲೂ ಮೊಣಕಾಲೆತ್ತರ. ಅರ್ಧ ಗಂಟೆಗೆ ನನ್ನ ತೊಡೆ ನಡುಗತೊಡಗಿತು. ದಿನವಿಡೀ ಕರಿಹಲಗೆಯ ಮುಂದೆ ನಿಂತು ನಿಂತು ಕಾಲು ಗಟ್ಟಿಯಾಗಿದೆ ಎಂದುಕೊಂಡಿದ್ದೆ. ನಿಲ್ಲುವ ಕಾಲೇ ಬೇರೆ, ಹತ್ತುವ ಕಾಲೇ ಬೇರೆ. ಹಿಂದಿನಿಂದ ಬಂದ ಮುದುಕರು "ಉಘೇ ಮಾದಪ್ಪ" ಎನ್ನುತ್ತಾ ನನ್ನನ್ನು ದಾಟಿ ಹೋದರು. ನನ್ನ ಹೆಂಡತಿ ಹಿಂದೆ ಮುಂದೆ ನೋಡದೆ ಒಂದೇ ಸಮನೆ ಹತ್ತುತ್ತಿದ್ದಳು.

ದಾರಿಯಲ್ಲಿ ಒಬ್ಬ ಹೆಂಗಸು ಜೊತೆಯಾದಳು. ತಗಡೂರಿನ ಕಡೆಯವಳು, ಅರವತ್ತು ದಾಟಿದವಳು, ಮಂಡಿ ನೋವಿಗೆ ಕೈಯಲ್ಲಿ ಕೋಲು, ಬಾಯಲ್ಲಿ ಎಲೆಅಡಿಕೆ. ಯಾವೂರು ಎಂದು ಕೇಳಿದಳು. ಮುಂದಿನ ಪ್ರಶ್ನೆ ನನಗೆ ಗೊತ್ತಿತ್ತು.

"ಮಕ್ಳೆಷ್ಟವ್ವಾ?"

"ಇಲ್ಲ ಅಮ್ಮ."

ಮೊದಲು ಅಯ್ಯೋ ಎನ್ನುವುದು. ಆಮೇಲೆ ಒಂದು ನಾಟಿ ಔಷಧಿ. ಆಮೇಲೆ ಹದಿನೈದು ವರ್ಷಕ್ಕೆ ಮಗುವಾದ ಸೋದರಸೊಸೆಯ ಕಥೆ. ಈ ಕ್ರಮವನ್ನು ನಾನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ. ಆಕೆ ಔಷಧಿಗೆ ಬರುವಷ್ಟರಲ್ಲಿ ನನ್ನ ತಾಳ್ಮೆ ಕೆಟ್ಟಿತು. "ನಿಮ್ಮ ಮಂಡಿ ನೋವಿಗೆ ನಾವೇನಾದ್ರೂ ಔಷಧಿ ಹೇಳಿದ್ವಾ? ಸುಮ್ನೆ ನಡೀರಮ್ಮ" ಎಂದುಬಿಟ್ಟೆ. ಹೆಂಡತಿ ನನ್ನ ಕಡೆ ಬೆಂಕಿಯಂಥ ನೋಟ ಬೀರಿದಳು. ಆ ಹೆಂಗಸು ಮಾತ್ರ ಉಗಿದು, ಬಾಯೊರೆಸಿಕೊಂಡು, "ಗೊತ್ತಿದ್ರೆ ಯೋಳಿ ಸಾ, ಬ್ಯಾಡ ಅಂದೋರ್ಯಾರು? ತುಂಬಾ ನೋವು ಕಣಪ್ಪ" ಎಂದಳು.

ಮರ ಸಿಕ್ಕಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮೊದಲ ಸಲ ನೋಡಿದಾಗ ಅಲ್ಲಿ ಹತ್ತಿಪ್ಪತ್ತು ತೊಟ್ಟಿಲುಗಳಿದ್ದವು. ಈಗ ಕೈಗೆಟುಕುವ ಕೊಂಬೆಗಳೆಲ್ಲ ತುಂಬಿಹೋಗಿದ್ದವು. ಹಳೆಯವೆಲ್ಲ ಬಿಸಿಲು ಮಳೆಗೆ ಬಣ್ಣ ಹೋಗಿ ಒಂದೇ ಬೂದಿ ಬಣ್ಣಕ್ಕೆ ತಿರುಗಿದ್ದವು. ಇಷ್ಟೊಂದು ಜನವೇ ಎನಿಸಿತು. ಮಕ್ಕಳಿಲ್ಲದವರು ನಾವಿಬ್ಬರೇ ಎಂಬ ನಮ್ಮ ಬೀದಿಯ ಲೆಕ್ಕ ಇಲ್ಲಿ ಕೆಟ್ಟುಹೋಯಿತು.

ಹೆಂಡತಿ ಒಂದೊಂದನ್ನೂ ತಿರುಗಿಸಿ ನೋಡಿದಳು. ಕಾಲುದಾರಿಯ ಕಡೆಗಿದ್ದ ಕೊಂಬೆ ಎಂಬುದು ಇಬ್ಬರಿಗೂ ನೆನಪಿತ್ತು. ಎಷ್ಟೋ ಹೊತ್ತಾದ ಮೇಲೆ, ತುಸು ಮೇಲೆ, ನೀಲಿ ಎನ್ನಬಹುದಾದ ಒಂದು ಬಟ್ಟೆ ಕಂಡಿತು. ತಗಡೂರಿನಾಕೆ ಕೋಲಿನಿಂದ ಕೊಂಬೆ ಬಗ್ಗಿಸಿ ಹಿಡಿದಳು. ಹೆಂಡತಿ ಕಣ್ಣು ಮುಚ್ಚಿ ಏನೋ ಹೇಳಿಕೊಂಡು, ಕತ್ತರಿ ಹಾಕಿ ಗಂಟನ್ನು ಕತ್ತರಿಸಿದಳು. ಒಳಗಿದ್ದ ಕಲ್ಲು ಕೆಳಗೆ ಬಿತ್ತು. ಬಟ್ಟೆಯನ್ನು ಮಡಿಲಿಗೆ ಹಾಕಿಕೊಂಡು ಬೇರಿನ ಮೇಲೆ ಕೂತಳು. ಸದ್ಯ, ಮುಗಿಯಿತಲ್ಲ ಎಂದು ನಾನೂ ಕೂತೆ. ಹೊಟ್ಟೆ ಹಸಿದಿತ್ತು, ಅವ್ವ ಕೊಟ್ಟ ಅನ್ನದ ಗಂಟು ಬಿಚ್ಚತೊಡಗಿದೆ.

ಅವಳು ಬಟ್ಟೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ಬೆರಳು ಒಂದು ಕಡೆ ನಿಂತಿತು.

"ಇದು ನನ್ನ ಹೊಲಿಗೆ ಅಲ್ಲ" ಎಂದಳು.

"ಎಂಟು ವರ್ಷ ಆಯ್ತಲ್ಲೇ, ಸಡಿಲ ಆಗಿರುತ್ತೆ."

"ಅಲ್ಲ ರೀ! ಇದು ದೊಡ್ಡ ದೊಡ್ಡ ಹೊಲಿಗೆ. ಹೊಲಿಯೋಕೆ ಬರ್ದೇ ಇರೋರು ಕಷ್ಟಪಟ್ಟು ಹಾಕಿರೋದು." ಅವಳ ಮುಖ ಬಿಳಿಚಿಕೊಂಡಿತು. "ಯಾರದ್ದೋ ಬಿಚ್ಬಿಟ್ನಲ್ಲ. ಇನ್ನೂ ಕಾಯ್ತಿರೋರದ್ದು ಬಿಚ್ಬಿಟ್ಟೆ."

ತಗಡೂರಿನಾಕೆ ಕೋಲೂರಿ ನಿಧಾನವಾಗಿ ಪಕ್ಕದಲ್ಲಿ ಕೂತಳು. "ನಿಂದು ಎಂದೋ ಉದುರೋಗಿರ್ತದೆ ಕಣವ್ವ. ಮಳೆ ಗಾಳಿ ಕೋತಿ, ಬಟ್ಟೆ ಎಷ್ಟ್ ವರ್ಸ ತಡ್ಕಂಡದು?"

ಅಂದರೆ ಇವಳು ನಿದ್ದೆಗೆಟ್ಟ ಅಷ್ಟೂ ದಿನ ಅಲ್ಲಿ ತೂಗಾಡಲು ಏನೂ ಇರಲಿಲ್ಲ. ಇದನ್ನು ಕೇಳಿ ಹೆಂಡತಿ ಅಳುತ್ತಾಳೆ ಎಂದುಕೊಂಡೆ. ಅವಳಿಗೆ ಅದು ಕಿವಿಗೇ ಬಿದ್ದಂತಿರಲಿಲ್ಲ. ಮಂಡಿಯೂರಿ ಮರದ ಕೆಳಗಿನ ಕಲ್ಲುಗಳಲ್ಲಿ ಕೈಯಾಡಿಸುತ್ತಿದ್ದಳು.

"ಆ ಕಲ್ಲು ಬೇಕು ರೀ, ಹುಡುಕಿ."

"ಯಾವ್ದೋ ಒಂದು ಕಲ್ಲು ಹಾಕೇ."

"ಅವ್ರು ಮಲಗ್ಸಿದ್ದೇ ಬೇಕು."

ಬೆಟ್ಟದ ಮೇಲೆ ಒಂದು ಕಲ್ಲು ಹುಡುಕುವುದು! ಬೈದುಕೊಳ್ಳುತ್ತಲೇ ನಾನೂ ಮಂಡಿಯೂರಿದೆ. ತಗಡೂರಿನಾಕೆಯೂ ಕೋಲಿನ ತುದಿಯಿಂದ ಕೆದಕತೊಡಗಿದಳು. ಸಿಕ್ಕಿದ್ದು ನನಗೇ. ಒಂದು ಬದಿಗೆ ಬಟ್ಟೆಯ ನೀಲಿ ಹತ್ತಿದ್ದ ಪುಟ್ಟ ಬೆಣಚುಕಲ್ಲು. ಅಂಗೈಯಲ್ಲಿಟ್ಟುಕೊಂಡಾಗ ಬಿಸಿಲಿಗೆ ಕಾದು ಬೆಚ್ಚಗಿತ್ತು. ಅದನ್ನು ಅವಳಿಗೆ ಕೊಡಲು ನಾನು ಸ್ವಲ್ಪ ತಡಮಾಡಿದೆ. ಯಾಕೆ ಎಂದು ಆಗ ಯೋಚಿಸಲಿಲ್ಲ.

ಗಂಟನ್ನು ಕತ್ತರಿಸಿದ್ದರಿಂದ ಬಟ್ಟೆ ಗಿಡ್ಡವಾಗಿ ಕಟ್ಟಲು ಬರುತ್ತಿರಲಿಲ್ಲ. ಅವಳು ತನ್ನ ಸೀರೆಯ ಸೆರಗಿನಿಂದ ಒಂದು ಪಟ್ಟಿ ಕತ್ತರಿಸಿ ಸೇರಿಸಿ, ಕಲ್ಲನ್ನು ಮಲಗಿಸಿ, ಮೊದಲಿಗಿಂತ ಬಿಗಿಯಾಗಿ ಕಟ್ಟಿದಳು. ಆಮೇಲೆ ಕೈಮುಗಿದು, ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದಳು: "ಯಾರದ್ದೋ ಗೊತ್ತಿಲ್ಲ ಮಾದಪ್ಪ, ನನ್ ಕೈಯಿಂದ ತಪ್ಪಾಯ್ತು. ಅವಳಿಗೆ ಬೇಗ ಕೊಟ್ಬಿಡು. ಬಹಳ ದಿನ ಕಾಯಿಸ್ಬೇಡ."

ಇನ್ನು ಕೇಳುವುದಿಲ್ಲ ಎಂದು ಬಂದವಳು ಹೀಗೆ ಇನ್ನೊಬ್ಬಳಿಗಾಗಿ ಕೇಳಿದಳು. ಆಮೇಲೆ ಮೂವರೂ ಕೂತು ಹುಳಿಯನ್ನ ತಿಂದೆವು. ಅವಳು ಎರಡು ಸಲ ಹಾಕಿಸಿಕೊಂಡು ತಿಂದಳು, ಎಷ್ಟೋ ತಿಂಗಳಿಂದ ಹಾಗೆ ತಿಂದದ್ದನ್ನು ನಾನು ನೋಡಿರಲಿಲ್ಲ. ತಗಡೂರಿನಾಕೆ ಕೈತೊಳೆದು, ತನ್ನ ಮಂಡಿ ನಿಧಾನ ಎಂದು ಮುಂದೆ ಹೊರಟಳು.

ನಾವಿಬ್ಬರೇ ಉಳಿದೆವು. ಮೇಲಿನ ಮೆಟ್ಟಿಲುಗಳನ್ನು ನೋಡಿದರೇ ನನಗೆ ಆಯಾಸವಾಗುತ್ತಿತ್ತು. ನಾಲ್ಕು ಹತ್ತುವುದು, ಕೂರುವುದು. ಹಾಗೆ ಒಂದು ಕಡೆ ಕೂತಾಗ ಅವಳು, "ನಂಗೆ ಮುಗೀತು ಕಣ್ರೀ" ಎಂದಳು.

"ಒಳ್ಳೇದಾಯ್ತು" ಎಂದೆ.

"ನಿಮ್ಗೆ?"

ನನಗೇನು ಎಂದು ನಗಲು ಹೋದೆ, ಆಗಲಿಲ್ಲ. ಹನ್ನೊಂದು ವರ್ಷ ಎಲ್ಲರೂ ಅವಳನ್ನು ಚುಚ್ಚಿದ್ದರು, ಸಮಾಧಾನ ಮಾಡಿದ್ದರು, ಅವಳಿಗೆ ಔಷಧಿ ಹೇಳಿದ್ದರು. ನಾನು ಆಸ್ಪತ್ರೆಯ ಫೈಲು ಹಿಡಿದುಕೊಂಡು ಹಿಂದೆ ನಿಲ್ಲುವವನು. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಆ ಮೆಟ್ಟಿಲ ಮೇಲೆ, ಹೋಗುವವರು ಬರುವವರು ನೋಡುತ್ತಿದ್ದ ಹಾಗೇ, ಅತ್ತುಬಿಟ್ಟೆ. ಅವಳು ಸುಮ್ಮನಿರಿ ಎನ್ನಲಿಲ್ಲ, ಪಕ್ಕದಲ್ಲಿ ಕೂತಿದ್ದಳು.

ಸುಧಾರಿಸಿಕೊಂಡ ಮೇಲೆ, ಅವಳಿಗೂ ಹೇಳದಿದ್ದ ಒಂದು ವಿಷಯ ಹೇಳಿದೆ. ತೊಟ್ಟಿಲು ಕಟ್ಟಿದ ವರ್ಷವೇ ನಾನು ಒಂದು ಹೆಸರು ಆರಿಸಿಟ್ಟುಕೊಂಡಿದ್ದೆ. ಹೆಣ್ಣುಮಗುವಿನ ಹೆಸರು. ಆಮೇಲೆ ನನ್ನ ತರಗತಿಗೆ ಅದೇ ಹೆಸರಿನ ಮೂವರು ಹುಡುಗಿಯರು ಬೇರೆ ಬೇರೆ ವರ್ಷ ಬಂದು ಹೋದರು. ಶಾಲೆಯಲ್ಲೆಲ್ಲ ನಾನು ಸಿಡುಕ ಎಂದೇ ಪ್ರಸಿದ್ಧ. ಆ ಮೂವರಿಗೆ ಮಾತ್ರ, ಲೆಕ್ಕ ಎಷ್ಟು ತಪ್ಪು ಮಾಡಿದರೂ, ಒಂದು ದಿನವೂ ಬೈದಿರಲಿಲ್ಲ.

"ಯಾವ ಹೆಸರು?" ಎಂದು ಕೇಳಿದಳು.

ಹೇಳಿದೆ. ಅವಳು ಕಾಡಿನ ಕಡೆ ನೋಡುತ್ತಾ ಅದನ್ನು ಒಂದು ಸಲ ಮೆಲ್ಲಗೆ ಕೂಗಿ ನೋಡಿದಳು, ಬೀದಿಯಲ್ಲಿ ಆಡುತ್ತಿರುವವರನ್ನು ಊಟಕ್ಕೆ ಕರೆಯುವ ಹಾಗೆ. ನಮ್ಮ ಮಗಳನ್ನು ಆ ಹೆಸರಿನಿಂದ ಯಾರಾದರೂ ಕರೆದದ್ದು ಅದೊಂದೇ ಸಲ.