ಗಿರಣಿ ಕಾಕಾ ಹಾಕಿದ ಸಹಿ

ಮೊನ್ನೆ ಹೈದರಾಬಾದಿನ ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಅಂಗಡಿಯಿಂದ ಜೋಳದ ಹಿಟ್ಟಿನ ಪೊಟ್ಟಣ ತಂದೆ. ಕತ್ತರಿಸಿ ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ! ಜೋಳದ ಹಿಟ್ಟೆಂದರೆ ಬಿಸಿಯಾಗಿರಬೇಕು, ಡಬ್ಬಿ ಹೊತ್ತ ಕಂಕುಳು ಬೆಚ್ಚಗಾಗಬೇಕು. ಅಷ್ಟಕ್ಕೇ ಗಿರಣಿ ಕಾಕಾ ನೆನಪಾಗಿಬಿಟ್ಟರು...

ಹೈದರಾಬಾದು ಇನ್ನೂ ಆಂಧ್ರದ ರಾಜಧಾನಿಯಾಗಿದ್ದ ಕಾಲ. ನಮ್ಮ ಮನೆ ಕುಷಾಯಿಗೂಡದಲ್ಲಿ. ಅಲ್ಲಿಂದ ನಡೆದು ಹೋಗುವಷ್ಟು ದೂರದ ಹಳೆ ಮಾರ್ಕೆಟ್ಟಿನಲ್ಲಿ ಕಾಕಾರ ಹಿಟ್ಟಿನ ಗಿರಣಿ. ರಾಯಚೂರು ಕಡೆಯವರು. ಗೋಧಿ ಬೀಸಿದ ಮೇಲೆ ಜೋಳ ಬೀಸಬೇಕಾದರೆ ಮೊದಲು ತಮ್ಮದೇ ಒಂದು ಹಿಡಿ ಜೋಳ ಹಾಕುತ್ತಿದ್ದರು. ಕಲ್ಲು ತೊಳೆಯುವುದು ಎನ್ನುತ್ತಿದ್ದರು ಅದಕ್ಕೆ. ಆ ಹಿಟ್ಟು ಯಾರ ಡಬ್ಬಿಗೂ ಬೀಳುವಂತಿರಲಿಲ್ಲ. ಆಮೇಲೂ ನಂಬಿಕೆಯಿಲ್ಲ, ಬೀಳುವ ಹಿಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಲೇಬೇಕು. ನಮ್ಮವ್ವನಿಗೆ ಅವರ ಮೇಲೆ ಅನುಮಾನ, ಡಬ್ಬಿ ತುಂಬುವವರೆಗೆ ಕಣ್ಣು ಕೀಳುತ್ತಿರಲಿಲ್ಲ. ಅವರಿಗೆ ನಮ್ಮವ್ವನ ಜೋಳದ ಮೇಲೆ ಅನುಮಾನ.

“ಜ್ವಾಳ ಹಸೀ ಅದಾವ್ರೀ ಅಕ್ಕಾರ. ಬಿಸಲಿಗೆ ಹಾಕಿಲ್ಲ ನೀವು!”

ಆಗ ನನಗೆ ಒಂದು ಕನ್ಸಲ್ಟೆನ್ಸಿಯಲ್ಲಿ ಕೆಲಸ ಸಿಕ್ಕಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಸರ್ಕಾರದ ಜಾಗ, ಖಾಸಗಿ ಕಂಪನಿಯ ದುಡ್ಡು. ಹಳೆ ಮಾರ್ಕೆಟ್ ಕೆಡವಿ ಕಾಂಪ್ಲೆಕ್ಸ್ ಕಟ್ಟುವುದು, ಬಡಾವಣೆಯ ವ್ಯಾಪಾರಕ್ಕೆ ಮತ್ತೆ ಜೀವ ತುಂಬುವುದು ಯೋಜನೆ. ಅಂಗಡಿಯವರನ್ನು ಒಪ್ಪಿಸುವುದು ನಮ್ಮ ಪಾಲಿನ ಕೆಲಸ. ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸಿದರೆ ಕಾಕಾ ಮೋಟರು ನಿಲ್ಲಿಸಿ ಕೇಳಿದರು, “ಮತ್ತ ಜೀವಾ ತುಂಬಾಕ, ನಮ್ಮ ಮಾರ್ಕೆಟ್ ಸತ್ತಿದ್ದು ಯಾವಾಗವ್ವಾ?”

ಅಂಗಡಿಯವರಿಗೆಂದು ನಾವು ಕರೆದ ಸಭೆಗೆ ಕಾಕಾ ಬಂದರು, ಚಹಾ ಮುಟ್ಟಲಿಲ್ಲ. ಹಾಜರಿ ಹಾಳೆ ಕೈಗೆ ಬಂದಾಗ ಅದನ್ನೂ ಎರಡು ಬೆರಳಲ್ಲಿ ತಿಕ್ಕಿ, ತಿರುವಿ ನೋಡಿದರು.

“ಮ್ಯಾಲ ಇಷ್ಟ್ಯಾಕ ಜಾಗಾ ಬಿಟ್ಟಾರ?”

ನಾನೂ ಅದನ್ನು ಕಂಡಿದ್ದೆ. ಹೆಸರುಗಳ ಮೇಲೆ ನಾಲ್ಕು ಬೆರಳಷ್ಟು ಖಾಲಿ. ಬೆಳಿಗ್ಗೆ ನಮ್ಮ ಸಾಹೇಬರನ್ನು ಕೇಳಿದ್ದಕ್ಕೆ, ಅದೆಲ್ಲ ನಿನಗೇಕೆ ಎಂದು ತೆಲುಗಿನಲ್ಲಿ ಗದರಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದೆ.

“ಬರೇ ಹಾಜರೀರಿ ಕಾಕಾ, ಹಾಕ್ರಿ,” ಅಂದೆ.

“ನೀ ಹೇಳ್ತಿ ಅಂದ್ರ ಹಾಕ್ತೀನವ್ವಾ.” ದುಂಡಗೆ ಕನ್ನಡದಲ್ಲಿ ಸಹಿ ಹಾಕಿದರು. ಅವರನ್ನು ನೋಡಿ ಉಳಿದವರೂ ಹಾಕಿದರು.

ನಮ್ಮ ಕಂಪನಿಯ ವರದಿ ಬಂದಾಗ, ಅದಕ್ಕೆ ಲಗತ್ತಿಸಿದ ಹಾಜರಿ ಹಾಳೆಯ ಆ ಖಾಲಿ ಜಾಗದಲ್ಲಿ ಒಂದು ಸಾಲು ಕೂತಿತ್ತು. ಕೆಳಗೆ ಸಹಿ ಮಾಡಿದವರು ಅಂಗಡಿ ಬಿಟ್ಟುಕೊಡಲು ಒಪ್ಪಿದ್ದಾರೆ ಎಂದು. ನನ್ನ ಕೆಲಸ ಕಾಯಂ ಆಯಿತು. ಧೂಳು, ಸದ್ದು ಎಂದು ಹೊಸ ಕಾಂಪ್ಲೆಕ್ಸಿನಲ್ಲಿ ಗಿರಣಿಗೆ ಜಾಗ ಕೊಡಲಿಲ್ಲ.

ಗಿರಣಿಯ ಕೊನೆಯ ದಿನ ಡಬ್ಬಿ ಹಿಡಿದು ಹೋದೆ. ಯಾವ ಮುಖ ಇಟ್ಟುಕೊಂಡು ಹೋದೆನೋ! ಕಾಕಾ ಅಂದೂ ಒಂದು ಹಿಡಿ ಜೋಳ ಹಾಕಿ ಕಲ್ಲು ತೊಳೆದರು. ನನ್ನ ಹಿಟ್ಟನ್ನು ತಿಕ್ಕಿ ನೋಡಿದರು. ಆಮೇಲೆ ತಲೆ ಎತ್ತದೆ ಕೇಳಿದರು, “ಹಾಳಿ ಮ್ಯಾಲ ಹಂಗ ಬರೀತಾರಂತ ನಿನಗ ಗೊತ್ತಿತ್ತೇನವ್ವಾ?”

“ಇಲ್ರೀ ಕಾಕಾ.”

ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. “ನಿನಗೂ ಮೋಸಾ ಮಾಡ್ಯಾರ ಬಿಡು,” ಎಂದು ಮುಚ್ಚಳ ಒತ್ತಿ ಡಬ್ಬಿ ಕೊಟ್ಟರು. ಮನೆ ಮುಟ್ಟುವವರೆಗೂ ಕಂಕುಳು ಬೆಚ್ಚಗಿತ್ತು, ನನಗೆ ಅಳು ಬರುತ್ತಿತ್ತು.

ಊರಿಗೆ ಹೋದ ಮೇಲೆ ಕಾಕಾ ಬಹಳ ದಿನ ಬದುಕಲಿಲ್ಲವಂತೆ. ಅವ್ವ ಯಾರಿಂದಲೋ ಕೇಳಿ ಹೇಳಿದಳು. ಬೀಳುವ ಹಿಟ್ಟನ್ನೇ ನಂಬದವರು ನನ್ನ ಮಾತನ್ನು ನಿಜಕ್ಕೂ ನಂಬಿದರೇ? ಇಲ್ಲ, ಗೊತ್ತಿದ್ದೂ ನನ್ನನ್ನು ಸುಮ್ಮನೆ ಬಿಟ್ಟುಬಿಟ್ಟರೇ... ಮೊನ್ನೆ ಪೊಟ್ಟಣದ ಹಿಟ್ಟನ್ನು ನಾನೂ ಬೆರಳಲ್ಲಿ ತಿಕ್ಕಿ ನೋಡಿದೆ, ಏನೂ ತಿಳಿಯಲಿಲ್ಲ. ಹಾಳಿ ನೋಡಿ ನನಗೂ ಅನುಮಾನ ಬಂದಿತ್ರೀ ಕಾಕಾ, ಮುಂಜಾನೇನ ಬಂದಿತ್ತು. ಅವತ್ತು ನಾನು ಹೇಳಬೇಕಾಗಿದ್ದದ್ದು ಇಷ್ಟೇ. ಈಗ ಹೇಳೋಣವೆಂದರೆ ಅವರಿಲ್ಲ.