ಬಂಡೆಯ ಮುಂದೆ ನಿಂತ ಸೈನಿಕರು

ಪಸ್ಕುವಾಲಾ ಚಿತ್ರ ಬರೆಯುವಾಗ ಏನನ್ನೂ ಬಿಡುತ್ತಿರಲಿಲ್ಲ. ಗ್ವಾಟೆಮಾಲಾದ ಅತಿತ್ಲಾನ್ ಸರೋವರದ ದಂಡೆಯ ಆ ಊರಿನಲ್ಲಿ ಕುಂಚ ಹಿಡಿದವರೆಲ್ಲ ಹಾಗೆಯೇ. ಜೋಳದ ಹೊಲವೆಂದರೆ ಒಂದೊಂದು ಗರಿಯೂ ಕಾಣಬೇಕು. ಅವಳದು ಮಾತ್ರ ಯಾವಾಗಲೂ ಒಂದೇ ಬೆಟ್ಟ, ಚಿಕ್ಕವಳಿದ್ದಾಗ ಅಪ್ಪನ ಹಿಂದೆ ಸೌದೆಗೆ ಹೋಗುತ್ತಿದ್ದ ಬೆಟ್ಟ. ಬೆಣ್ಣೆಹಣ್ಣಿನ ಮರಗಳು, ಒರತೆ, ಮಳೆ ಬಂದರೆ ಅಡಿಯಲ್ಲಿ ನುಸುಳಿ ಕೂರುತ್ತಿದ್ದ ದೊಡ್ಡ ಬಂಡೆ, ಅಲ್ಲಿಗೆ ಹೋಗುವ ಕಾಲುದಾರಿ.

ಊರ ಪಕ್ಕದಲ್ಲಿ ಸೈನ್ಯ ಬೀಡುಬಿಟ್ಟ ವರ್ಷ ಸೈನಿಕರು ಹಿಡಿದೊಯ್ದ ಗಂಡಸರು ಒಬ್ಬೊಬ್ಬರಾಗಿ ಕಾಣೆಯಾಗತೊಡಗಿದರು. ಅವಳ ತಮ್ಮ ಲೂಕಾಸ್ ಇನ್ನು ಕೆಲವರ ಜೊತೆ ತಪ್ಪಿಸಿಕೊಂಡು ಬೆಟ್ಟ ಹತ್ತಿದ್ದ. ಎಲ್ಲಿದ್ದಾನೆಂದು ಚಿಕ್ಕಮ್ಮ ಮಿಕಾಯೆಲಾಳಿಗೆ ಮಾತ್ರ ಗೊತ್ತು. ಸೌದೆಯ ನೆಪದಲ್ಲಿ ಅವಳೇ ಬುಟ್ಟಿಯಲ್ಲಿ ರೊಟ್ಟಿ ಒಯ್ಯುತ್ತಿದ್ದಳು.

ಒಂದು ಬೆಳಿಗ್ಗೆ ಚಿಕ್ಕಮ್ಮ ಏದುಸಿರು ಬಿಡುತ್ತ ಬಂದಳು.

“ನಿನ್ ಕೈ ಸೇದೋಗ! ಗಾಸ್ಪಾರನ ಅಂಗಡೀಲಿ ಮಾರಕ್ಕೆ ಎಂಥಾ ಚಿತ್ರ ನೇತಾಕಿದೀಯೇ?”

“ಯಾಕೆ ಚಿಕ್ಕಮ್ಮ? ಬೆಟ್ಟದ್ದು.”

“ದಾರಿ, ಬಂಡೆ, ಎಲ್ಲಾ ಬರ್ದಿದೀಯಲ್ಲೇ! ಲೂಕಾಸ್ ಇರೋದೇ ಅದರ ಅಡೀಲಿ.”

ಪಸ್ಕುವಾಲಾ ಎದ್ದವಳೇ ಅಂಗಡಿಗೆ ಓಡಿದಳು. ಗ್ವಾಟೆಮಾಲಾ ನಗರದ ಪ್ರವಾಸಿಗರು ಬರುವುದು ನಿಂತು, ಅಂಗಡಿಗಳೆಲ್ಲ ಬಿಕೋ ಎನ್ನುತ್ತಿದ್ದವು. ಗಾಸ್ಪಾರನ ಅಂಗಡಿಯಲ್ಲಿ ಮಾತ್ರ ಒಬ್ಬ ಗಿರಾಕಿಯಿದ್ದ. ಬೀಡಿನ ಅಧಿಕಾರಿ. ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದ.

“ನೀನೇನಮ್ಮ ಬರ್ದಿದ್ದು? ಬೆಟ್ಟದ ಕೆಳಗಿನ ಇಗರ್ಜಿ ಸರಿಯಾಗಿದೆ, ದೋಣಿಕಟ್ಟೆ ಸರಿಯಾಗಿದೆ. ಈ ದಾರಿ ಎಲ್ಲಿಗೆ ಹೋಗುತ್ತೆ?”

“ಎಲ್ಲಿಗೂ ಇಲ್ಲ ಸಾಹೇಬ್ರೇ. ಬೆಟ್ಟ ಬೋಳು ಕಾಣುತ್ತೆ ಅಂತ ಹಾಕಿದ್ದು.”

ಅವನು ಅವಳ ಮುಖವನ್ನೇ ನೋಡಿದ. ಗಾಸ್ಪಾರ ಒರೆಸಿದ ಗಡಿಗೆಯನ್ನೇ ಮತ್ತೆ ಒರೆಸುತ್ತಿದ್ದ.

“ಬೋಳು ಅಂದ್ರೆ ನಮ್ಮವರನ್ನ ಹಾಕು,” ಎಂದು ಅಧಿಕಾರಿ ನಕ್ಕ. “ಬಂದೂಕು ಹಿಡ್ಕೊಂಡು ಬೆಟ್ಟ ಕಾಯ್ತಿರೋ ಹಾಗೆ. ಮುಂದೆ ನಾನಿರಬೇಕು. ನನ್ನ ಕೋಣೇಲಿ ತೂಗುಹಾಕ್ತೀನಿ.”

ಚಿತ್ರವನ್ನು ಮನೆಗೆ ಹೊತ್ತು ತಂದಳು. ದಾರಿಯನ್ನು ಅಳಿಸುವಂತಿಲ್ಲ, ಅವನು ನೋಡಿಯಾಗಿದೆ. ಅಳಿಸಿದರೆ ಅದೇ ಸಾಕ್ಷಿ. ಅಪ್ಪ ನಡೆದ ದಾರಿಯಲ್ಲೇ ಹಸಿರು ಸಮವಸ್ತ್ರ ಬಳಿದಳು. ಒಬ್ಬ ಸೈನಿಕ, ಅವನ ಪಕ್ಕ ಇನ್ನೊಬ್ಬ. ಭುಜಕ್ಕೆ ಭುಜ ಒತ್ತಿ, ಸಂದಿ ಬಿಡದೆ, ಬಂಡೆಗೆ ಬೆನ್ನು ಮಾಡಿ ನಿಲ್ಲಿಸಿದಳು. ಸಾಲಿನ ಮುಂದೆ ಅಧಿಕಾರಿ. ಕೊನೆಗೆ ಚಿತ್ರದಲ್ಲಿ ಬಂಡೆ ಇತ್ತೆಂದೇ ಹೇಳುವಂತಿರಲಿಲ್ಲ.

ಬೀಡಿನಲ್ಲಿ ಅವನು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದ.

“ಎಲ್ಲರೂ ಒಂದೇ ಕಡೆ ಯಾಕೆ ಗುಂಪು ಕಟ್ಟಿದಾರೆ?”

“ಅಲ್ಲಿ... ನೆರಳು ಸಾಹೇಬ್ರೇ.”

ಅವನು ಚಿತ್ರದಲ್ಲಿನ ತನ್ನ ಮುಖದ ಮೇಲೆ ಬೆರಳಾಡಿಸಿದ. ಹೊರಗೆ ಯಾರೋ ಬಂದೂಕು ಒರೆಸುವ ಸದ್ದು ಕೇಳುತ್ತಿತ್ತು.

ವಾಪಸು ಬಂದಾಗ ಚಿಕ್ಕಮ್ಮ ಹೊಸ್ತಿಲಲ್ಲೇ ಕೂತಿದ್ದಳು. “ಏನಂದ?”

“ಅವನ ಮೂಗು ದಪ್ಪ ಆಗಿದ್ಯಂತೆ. ನಾಳೆ ಅಲ್ಲೇ ಕೂತು ತಿದ್ದಬೇಕಂತೆ, ಅವನ ಎದುರಿಗೇ.”

“ದಪ್ಪಾನೇ ತಾನೆ ಅವನ ಮೂಗು?” ಚಿಕ್ಕಮ್ಮ ನಗಲಿಲ್ಲ. ಎದ್ದು ಬುಟ್ಟಿಗೆ ರೊಟ್ಟಿ ತುಂಬಿದಳು, ದಿನಕ್ಕಿಂತ ಹೆಚ್ಚಾಗಿ, ದೂರದ ಪ್ರಯಾಣಕ್ಕೆ ಕಟ್ಟುವಷ್ಟು. “ಸಂಜೆ ತನಕ ತಿದ್ತಾ ಇರು ಮಗಳೇ. ಅವನು ಕುರ್ಚಿ ಬಿಟ್ಟು ಏಳಬಾರದು. ಅಷ್ಟರಲ್ಲಿ ಲೂಕಾಸೂ ಜೊತೆಯವರೂ ಬೆಟ್ಟದ ಆಚೆಗೆ ಇಳೀಲಿ.”

ಪಸ್ಕುವಾಲಾ ಕುಂಚ ತೊಳೆಯಲು ಕೂತಳು. ನಾಳೆಗೆಂದು ಎಲ್ಲಕ್ಕಿಂತ ಸಣ್ಣ ಕುಂಚವನ್ನು ಬೇರೆ ಎತ್ತಿಟ್ಟಳು.