ಗೋಡೆಯಾಚೆಯಿಂದ ಬಂದ ರುಚಿ

ಮೊನ್ನೆ ಸಂಜೆ ಬಾಣಲೆಯಲ್ಲಿ ಹುಚ್ಚೆಳ್ಳು ಹುರಿಯುತ್ತಿದ್ದೆ. ಫೋನಿನಲ್ಲಿ ತಂಗಿ ಮಾತಾಡುತ್ತಿದ್ದಳು; ಕಿವಿ ಅತ್ತ, ಕೈ ಇತ್ತ. ಕಾಳು ಚಟಪಟ ಅನ್ನುವುದು ನಿಂತದ್ದೇ ಗೊತ್ತಾಗಲಿಲ್ಲ. ಸೀಯುವುದಕ್ಕೆ ಒಂದು ಗಳಿಗೆ ಮೊದಲು ಏಳುತ್ತದಲ್ಲ, ಎಣ್ಣೆ ಒಸರಿದ ಘಮ... ಅದು ಮೂಗಿಗೆ ಬಡಿದದ್ದೇ ತಡ, "ಇಳ್ಸು ತಾಯಿ, ಸಾಕು" ಎಂದು ಯಾರೋ ಅಂದ ಹಾಗಾಯಿತು. ಕೈ ತಾನಾಗಿಯೇ ಬಾಣಲೆ ಇಳಿಸಿತ್ತು. ಹಿತ್ತಲ ಕಿಟಕಿಯತ್ತ ನೋಡಿದೆ. ಯಾರೂ ಇರಲಿಲ್ಲ. ಆ ದನಿ ನಿಂತು ಇಪ್ಪತ್ತು ವರ್ಷದ ಮೇಲಾಗಿದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಸೊಸೆಯಾಗಿ ಬಂದೆ. ಮಗ್ಗದ ಸದ್ದಿನ ಊರಿನಿಂದ ಎಣ್ಣೆ ಗಿರಣಿಗಳ ಊರಿಗೆ. ಗಾಳಿ ಬೀಸಿದರೆ ಬೀದಿಗೆಲ್ಲ ಶೇಂಗಾ ಹಿಂಡಿಯ ವಾಸನೆ. ಮೊದಲ ಕೆಲವು ತಿಂಗಳು ನನ್ನ ಮದುವೆ ಸೀರೆಯ ಮಡಿಕೆಯಲ್ಲೂ ಅದೇ ಇರುತ್ತಿತ್ತು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದದ್ದು ಯಜಮಾನರು, ನಾನು, ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಮಾವ, ಮತ್ತೆ ಮಾವನ ಸಕ್ಕರೆ ಕಾಯಿಲೆ. ಆ ಕಾಯಿಲೆಗೆ ಬೇರೆ ತಟ್ಟೆ, ಬೇರೆ ಪಾತ್ರೆ, ಬೇರೆಯದೇ ಒಂದು ಕೋಪ.

ನಾನು ಬಂದ ವರ್ಷವೇ ಮಾವನ ಬಲಗಾಲಿನ ಹೆಬ್ಬೆರಳಿಗೆ ಕಲ್ಲು ತಾಗಿ ಗಾಯವಾಯಿತು. ಮಾಯಲಿಲ್ಲ. ಚಿತ್ರದುರ್ಗದ ಡಾಕ್ಟರು ನೋಡಿ, ಮೂರು ತಿಂಗಳೊಳಗೆ ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ, ಅಲ್ಲಿಗೂ ನಿಲ್ಲುತ್ತದೆಂದು ಹೇಳಲಾರೆ ಎಂದರು. ಮಾತ್ರೆ ಬರೆದು, ಒಂದು ಜೆರಾಕ್ಸ್ ಹಾಳೆ ಕೊಟ್ಟರು. ಅದರಲ್ಲಿ ಎರಡು ಚಪಾತಿ, ಬ್ರೆಡ್ಡು, ಬೇಯಿಸಿದ ತರಕಾರಿ ಎಂದೆಲ್ಲ ಇತ್ತು. ನಾನು ಚಾಚೂ ತಪ್ಪದೆ ಹಾಗೇ ಮಾಡಿದೆ. ಮೂರನೇ ದಿನ ಮಾವ ತಟ್ಟೆಯನ್ನು ದೂರ ಸರಿಸಿ, "ನನ್ ಮನ್ಯಾಗೆ ನಾನೇ ರೋಗಿಯಂಗೆ ಉಣ್ಬೇಕೇನಮ್ಮಾ?" ಎಂದು ಎದ್ದುಹೋದರು. ನಾನು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ, ತೊಳೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಅಡುಗೆ ಸರಿಬರಲಿಲ್ಲವೆಂದು ಅತ್ತದ್ದಲ್ಲ. ಈ ಮನುಷ್ಯನ ಕಾಲು ನನ್ನ ಕೈಯಲ್ಲಿದೆಯಲ್ಲ ಎಂಬ ಭಯ.

"ಅಳಬ್ಯಾಡ ಕಣವ್ವ. ಆ ಪಲ್ಯಕ್ಕೆ ಒಗ್ಗರಣೆನೇ ಹಾಕಿಲ್ಲ ನೀನು. ವಾಸ್ನೇನೇ ಬರ್ಲಿಲ್ಲ."

ಹಿತ್ತಲಿನ ಎದೆಮಟ್ಟದ ಕಲ್ಲುಗೋಡೆಯ ಆಚೆ ದೊಡ್ಡವ್ವ ನಿಂತಿದ್ದಳು. ನಾನು ಆಮೇಲೆ ಕರೆದ ಹೆಸರು ಅದು. ಹಿಂದಿನ ಬೀದಿಯವಳು, ಪರಶುರಾಂಪುರದ ಕಡೆಯ ಕುರಿಯವರ ಮನೆಯ ಹೆಣ್ಣು. ಗಂಡ ತೀರಿಹೋಗಿದ್ದ, ಲಾರಿ ಓಡಿಸುವ ಮಗ ವಾರಕ್ಕೊಮ್ಮೆ ಬರುತ್ತಿದ್ದ. ಆಕೆಗೂ ಸಕ್ಕರೆ ಕಾಯಿಲೆ ಇತ್ತು. ಹೊಲದ ಬದುವಿನ ಸೊಪ್ಪನ್ನೂ ಮನೆಯ ಕಾಳನ್ನೂ ತಿಂದು, ಆಸ್ಪತ್ರೆಯ ಮಾತ್ರೆ ತಪ್ಪಿಸದೆ, ಅದನ್ನು ಮೂಲೆಯಲ್ಲಿ ಕೂರಿಸಿದ್ದಳು.

ಒಂದು ಬಟ್ಟಲು ಸಾರು ಕೊಡು, ಯಾರದೆಂದು ಹೇಳದೆ ಮಾವನಿಗೆ ಬಡಿಸಿ ನೋಡುತ್ತೇನೆ ಎಂದು ನಾನು ಕೇಳಿದ್ದೆ. ಆಕೆ ತಲೆಯಾಡಿಸಿದಳು. "ಬ್ಯಾಡ ತಾಯಿ. ಕಾಳು ಕೊಡ್ತೀನಿ, ಸೊಪ್ಪು ಕೊಡ್ತೀನಿ. ಬೇಯ್ಸಿದ್ದು ಕೊಡಾಕಿಲ್ಲ. ನಮ್ ಮನೇದು ನಿಮ್ ಮಾವ ಉಣ್ಣಾಕಿಲ್ಲ, ಸುಳ್ ಹೇಳಿ ಉಣ್ಸೋದು ನನ್ ಕೈಲಿ ಆಗಾಕಿಲ್ಲ."

ನಮ್ಮ ಬೀದಿಯ ಕಟ್ಟಳೆ ಹಾಗಿತ್ತು. ಅವರ ಮನೆಯ ಕಾಳು ಆ ಗೋಡೆ ದಾಟಬಹುದಿತ್ತು, ಅನ್ನ ದಾಟುವಂತಿರಲಿಲ್ಲ. ನನಗೂ ಅದು ಆಗ ಅಂಥ ಅನ್ಯಾಯವೆಂದು ಕಾಣಲಿಲ್ಲ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಹೀಗಾಗಿ ಆಕೆಯ ಅಡುಗೆ ನನ್ನ ಕೈಯಿಂದ ನಡೆಯತೊಡಗಿತು. ನಾನು ಒಲೆಯ ಮುಂದೆ, ಆಕೆ ಗೋಡೆಯ ಆಚೆ, ನಡುವೆ ತೆರೆದ ಕಿಟಕಿ. ನನ್ನ ಪಾತ್ರೆಯೊಳಗೆ ಏನಿದೆಯೆಂದು ಆಕೆಗೆ ಕಾಣುತ್ತಿರಲಿಲ್ಲ, ಎಲ್ಲ ಮೂಗಿನಿಂದಲೇ. "ಬೆಳ್ಳುಳ್ಳಿ ಇನ್ನೂ ಹಸಿ ಐತೆ." "ಸೊಪ್ಪು ಬೆಂದೈತೆ, ಬಸಿ." ಉಪ್ಪು ಕಮ್ಮಿಯಾದದ್ದನ್ನೂ ವಾಸನೆಯಲ್ಲೇ ಹೇಳುತ್ತಿದ್ದಳು... ಅದು ಹೇಗೆಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ. ಮಧ್ಯಾಹ್ನದ ಬಿಸಿಲು, ಗಿರಣಿಯ ದೂರದ ಗುಯ್ಯ್ ಸದ್ದು, ಹೊಗೆಯ ನಡುವೆ ತೇಲಿ ಬರುವ ಆ ದನಿ... ಎಷ್ಟೋ ಸಲ ಅಡುಗೆ ಮಾಡುತ್ತಿರುವುದು ನಾನಲ್ಲ, ನಾನು ಬರೀ ನೋಡುತ್ತಿದ್ದೇನೆ ಅನ್ನಿಸುತ್ತಿತ್ತು.

ಮೊದಲ ಪಾಠದಲ್ಲೇ ಎಡವಟ್ಟಾಯಿತು. ವಾರಕ್ಕೆ ಎರಡು ದಿನ ಅಕ್ಕಿ ಬಿಟ್ಟು ನವಣೆ ಅನ್ನ ಮಾಡು ಎಂದಳು. "ಓ, ಕೊರ್ರಲಾ?" ಎಂದೆ. ನಮ್ಮ ಮೊಳಕಾಲ್ಮೂರಲ್ಲಿ ಅರ್ಧ ಮಾತು ತೆಲುಗು, ನವಣೆಗೆ ಹಾಗೇ ಅನ್ನುತ್ತೇವೆ. ಆಕೆಗೆ ಅದು ಕೊರಲೆ ಎಂಬ ಬೇರೆಯೇ ಕಾಳಾಗಿ ಕೇಳಿಸಿತು. "ಕೊರಲೆ ಅಲ್ಲವ್ವ, ನವಣೆ!" "ಅದೇ ದೊಡ್ಡವ್ವ, ಕೊರ್ರಲು!" ಹೀಗೇ ಹಗ್ಗಜಗ್ಗಾಟವಾಡಿ, ಕೊನೆಗೆ ಆಕೆ ಒಳಗಿಂದ ಒಂದು ಹಿಡಿ ತಂದು ಗೋಡೆಯ ಕಲ್ಲಿನ ಮೇಲೆ ಸುರಿದಾಗ ಇಬ್ಬರೂ ನಕ್ಕೆವು. ಮಾವನ ಅಂಗಡಿಯಲ್ಲಿ ಬಿಳಿ ಅಕ್ಕಿಯ ಚೀಲಗಳೇ ತುಂಬಿದ್ದವು, ನವಣೆ ಇಡುತ್ತಿರಲಿಲ್ಲ. ಆಕೆಯ ತಮ್ಮನ ಹೊಲದ್ದು ಬಟ್ಟೆಯ ಗಂಟಿನಲ್ಲಿ ಗೋಡೆ ದಾಟಿ ಬಂತು.

ಆಕೆಯ ಮೊದಲ ಕಟ್ಟಪ್ಪಣೆ, ಮಾವನಿಗೆ ಬೇರೆ ಪಾತ್ರೆ ಇಡಕೂಡದು. ಮನೆಗೆಲ್ಲ ಒಂದೇ ಅಡುಗೆ, ಎಲ್ಲರೂ ಅದನ್ನೇ ಉಣ್ಣಬೇಕು. "ಬ್ಯಾರೆ ತಟ್ಟೆ ಕಂಡ್ರೆ ಗಂಡಸ್ರಿಗೆ ಹಸಿವೇ ಸಾಯ್ತೈತೆ" ಎಂದಳು. ಎರಡನೆಯದು, ಪಲ್ಯ ಮೊದಲು, ಮುದ್ದೆ ಆಮೇಲೆ. ಹುರುಳಿಕಾಳು, ನುಗ್ಗೆಸೊಪ್ಪು ಬೇಯಿಸಿ ಬಸಿದು, ನೀರಿಗೆ ಮಸಾಲೆ ಅರೆದು ಹಾಕಿದರೆ ಬಸ್ಸಾರು. ಬಸಿದು ಉಳಿದದ್ದು ಪಲ್ಯ. ಆ ಪಲ್ಯ ತಟ್ಟೆ ತುಂಬ ಹಾಕಿ, ಅದು ಅರ್ಧ ಮುಗಿದ ಮೇಲಷ್ಟೇ ಮುದ್ದೆ. ಹೊಟ್ಟೆ ಆಗಲೇ ಅರ್ಧ ತುಂಬಿರುತ್ತದೆ. ಹಾಗಲಕಾಯಿಯನ್ನು ತೆಳ್ಳಗೆ ಹೆಚ್ಚಿ ಬಿಸಿಲಿಗೆ ಬಾಡಿಸಿ, ನಾಲ್ಕೇ ಹನಿ ಎಣ್ಣೆಯಲ್ಲಿ ಹುರಿದು, ಮೇಲೆ ಹುಚ್ಚೆಳ್ಳು ಪುಡಿ ಉದುರಿಸುವುದು. ಎಣ್ಣೆಯ ಊರಿನಲ್ಲಿ ಎಣ್ಣೆಯನ್ನು ಹನಿ ಎಣಿಸಿ ಹಾಕಿದವಳು ನಾನೊಬ್ಬಳೇ ಇರಬೇಕು.

ಮುದ್ದೆಯ ವಿಷಯದಲ್ಲಿ ಮಾತ್ರ ಆಕೆ ಕಳ್ಳದಾರಿ ಹಿಡಿದಳು. ಮಾವ ಉಣ್ಣುತ್ತಿದ್ದದ್ದು ತೆಂಗಿನಕಾಯಿ ಗಾತ್ರದ್ದು. ರಾಗಿ ಒಳ್ಳೆಯದೆಂದು ಯಾರೋ ಹೇಳಿದ್ದರಿಂದ ಎರಡು ಉಣ್ಣುತ್ತಿದ್ದರು. "ಒಂದೇ ಸಲ ಕಮ್ಮಿ ಮಾಡಿದ್ರೆ ಜಗಳ ತೆಗೀತಾರೆ. ನಾಕು ದಿನಕ್ಕೊಂದ್ಸಲ ನೆಲ್ಲಿಕಾಯಿಯಷ್ಟು ಕಿತ್ಕೋ" ಎಂದಳು. ಕಿತ್ತುಕೊಂಡೆ. ಎರಡು ತಿಂಗಳಲ್ಲಿ ಮಾವನ ಮುದ್ದೆ ಒಂದಾಗಿ, ಆ ಒಂದೂ ಕಿತ್ತಳೆಹಣ್ಣಿನಷ್ಟಾಯಿತು. ಅವರು ಬೆರಳು ಚೀಪುತ್ತಾ ಉಂಡು, ಏನೂ ಅನ್ನದೆ ಎದ್ದುಹೋಗುತ್ತಿದ್ದರು. ಮಾವನ ಬಾಯಲ್ಲಿ ಏನೂ ಅನ್ನದಿರುವುದು ಬಹಳ ದೊಡ್ಡ ಹೊಗಳಿಕೆ.

ಆದರೆ ಗಾಯ ಮಾಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಮೊದಲಿದ್ದಲ್ಲೇ. ಡಾಕ್ಟರು ಕೊಟ್ಟ ಮೂರು ತಿಂಗಳಲ್ಲಿ ಉಳಿದದ್ದು ಒಂದೇ. ನನಗೆ ದಿಕ್ಕೇ ತೋಚಲಿಲ್ಲ.

ಆಗ ಒಂದು ಬೆಳಿಗ್ಗೆ ಗೂಟಕ್ಕೆ ನೇತುಹಾಕಿದ್ದ ಮಾವನ ಅಂಗಿಯನ್ನು ಒಗೆಯಲು ತೆಗೆದೆ. ಜೇಬಿನಿಂದ ಇರುವೆಗಳು ಸಾಲಾಗಿ ಇಳಿಯುತ್ತಿದ್ದವು. ಒಳಗೆ ಬೆಲ್ಲದ ಚೂರುಗಳು. ಅಂಗಡಿಯ ದೊಡ್ಡ ಬೆಲ್ಲದ ಪೆಂಟೆಯಿಂದ ಮುರಿದುಕೊಂಡು ದಿನವಿಡೀ ಚಪ್ಪರಿಸುತ್ತಿದ್ದರು ಮಹಾರಾಯರು! ಧೈರ್ಯ ಮಾಡಿ ಕೇಳಿದೆ. ಅವರಿಗೆ ಸ್ವಲ್ಪವೂ ಅಳುಕಿಲ್ಲ. "ಡಾಕ್ಟ್ರು ಸಕ್ಕರೆ ಬಿಡು ಅಂದ್ರು, ಬಿಟ್ಟೀನಿ. ಕಾಪಿಗೂ ಹಾಕ್ಕೊಳ್ಳಲ್ಲ. ಬೆಲ್ಲ ಬಿಡು ಅಂದಿದ್ರೇನಮ್ಮಾ?"

ಅದನ್ನು ಹಿತ್ತಲಿಗೆ ಹೋಗಿ ನಗೆಚಾಟಿಕೆಯಂತೆ ದೊಡ್ಡವ್ವನಿಗೆ ಹೇಳಿದೆ. ಆಕೆ ನಗಲಿಲ್ಲ. ಸೊಪ್ಪಿನ ಕಟ್ಟನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಬೀದಿ ಸುತ್ತಿಕೊಂಡು ನಮ್ಮ ಮುಂಬಾಗಿಲಿಗೆ ಬಂದಳು. ಅದೇ ಮೊದಲು. ಮಾವ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಆಕೆ ಕೆಳಗೆ ಬೀದಿಯಲ್ಲೇ ನಿಂತು ಸೆರಗು ಹೊದ್ದುಕೊಂಡಳು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಸಾವ್ಕಾರ್ರೆ, ನಮ್ ಯಜಮಾನನೂ ಇದೇ ಮಾತು ಹೇಳ್ತಿದ್ದ. ಸಕ್ಕರೆ ಬಿಡ್ಸು ಅಂತ ನಂಗೂ ಹೇಳಿದ್ರು, ಬಿಡ್ಸಿದೆ. ಸಕ್ಕರೆ ಕಾಯ್ಲೆ ಅಂದ್ರೆ ಸಕ್ಕರೆದೇ ಅಂದ್ಕಂಡಿದ್ದೆ. ನನ್ ಕೈಯಾರೆ ದಿನಾ ಬೆಲ್ಲದ ಕಾಪಿ ಕಾಸಿ ಕೊಟ್ಟೆ. ಬೆಲ್ಲದ ಪಾಯ್ಸ ಮಾಡ್ಕೊಟ್ಟೆ. ಮೊದ್ಲು ಬೆರಳು ತೆಗುದ್ರು. ಆಮೇಲೆ ಮೊಣಕಾಲ್ಗಂಟ. ಆಮೇಲೆ ಅವ್ನೇ ಹೋದ. ಬೆಲ್ಲಾನೂ ಅದೇಯಾ ಅಂತ ನಂಗೆ ಯಾರೂ ಹೇಳ್ಲಿಲ್ರಿ. ನಿಮ್ಗೆ ನಾನು ಹೇಳ್ತಾ ಇದೀನಿ."

ಮಾವ ತೊಟ್ಟಿದ್ದ ಅಂಗಿಯ ಜೇಬಿಗೆ ಕೈ ಹಾಕಿ ಒಂದು ಉಂಡೆ ಬೆಲ್ಲ ತೆಗೆದು ಜಗಲಿಯ ಅಂಚಿಗೆ ಇಟ್ಟರು. ಆಕೆ ಅದನ್ನು ಮುಟ್ಟಲಿಲ್ಲ. ಬಂದ ದಾರಿಯಲ್ಲೇ ಹೋದಳು. ಬೆಲ್ಲ ಇರುವೆಗಳ ಪಾಲಾಯಿತು.

ಒಳಗೆ ಬಂದ ಮಾವ ನನ್ನ ಮುಖ ನೋಡದೆ, "ನಿನ್ ಅಡುಗೆ ಯಾರದು ಅಂತ ಮೊದಲ್ನೇ ವಾರಾನೇ ಗೊತ್ತಾಗಿತ್ತು ಕಣಮ್ಮ. ಕಿಟಕಿ ನಂಗೂ ಕೇಳ್ಸುತ್ತೆ" ಎಂದರು.

ತಿಂಗಳು ಕಳೆಯುವಷ್ಟರಲ್ಲಿ ಸಕ್ಕರೆ ಇಳಿಯಿತು. ಗಾಯ ಅಂಚಿನಿಂದ ಒಣಗುತ್ತ ಬಂತು. ಡಾಕ್ಟರು ಬೆರಳು ಮುಟ್ಟಿ ನೋಡಿ, ಇನ್ನೇನೂ ತೆಗೆಯುವುದು ಬೇಡ ಎಂದ ದಿನ ನಾನು ಹಿತ್ತಲಿಗೆ ಓಡಿದ್ದೆ. "ಬೆರಳು ಉಳೀತು ದೊಡ್ಡವ್ವಾ!" ಎಂದೆ. ಆಕೆ ಹೂಂ ಅಂದು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಒಲೆ ಮ್ಯಾಲೆ ಏನಿಟ್ಟಿದೀಯಾ? ತಳ ಹಿಡೀತೈತೆ ನೋಡು" ಎಂದಳು.

ಮೂರ್ನಾಲ್ಕು ವರ್ಷ ಹೀಗೇ ನಡೆಯಿತು... ವರ್ಷಗಳು ಈಗ ಒಂದರೊಳಗೊಂದು ಕಲಸಿಹೋಗಿವೆ. ನೆನಪಿರುವುದು ಗೋಡೆಯ ಮೇಲಿನ ಸೊಪ್ಪಿನ ಕಟ್ಟುಗಳು, ನವಣೆಯ ಗಂಟು, ಆ ದನಿ.

ಒಂದು ಬೇಸಿಗೆಯಲ್ಲಿ ಆಕೆ ತಳಕಿಗೆ ಕೊಟ್ಟಿದ್ದ ಮಗಳ ಬಾಣಂತನಕ್ಕೆಂದು ಆ ಊರಿಗೆ ಹೋದಳು. ನನ್ನ ಸಾರು ಸೊರಗಿತು. ಮಾವ ಎರಡು ತುತ್ತು ಉಂಡು, "ಗೋಡೆ ಆಚೆ ಯಾರೂ ಇಲ್ವೇನಮ್ಮಾ ಈಗ?" ಎಂದು ತಮಾಷೆ ಮಾಡಿದರು. ಬಂದಮೇಲೆ ಇದನ್ನು ಹೇಳಿ ನಗಿಸಬೇಕೆಂದುಕೊಂಡಿದ್ದೆ. ಆಕೆ ಬರಲಿಲ್ಲ. ಜ್ವರವಂತೆ, ಮೂರೇ ದಿನವಂತೆ. ಮಣ್ಣನ್ನೂ ಅಲ್ಲೇ ಮಾಡಿದ್ದರು. ನಮಗೆ ತಿಳಿದದ್ದು, ಹನ್ನೊಂದನೇ ದಿನದ ಕಾರ್ಯಕ್ಕೆ ಮಗ ಹಿಂದಿನ ಮನೆಯ ಮುಂದೆ ಚಪ್ಪರ ಹಾಕಿಸಿದಾಗ.

ಆ ಮಧ್ಯಾಹ್ನ ಮಾವ ಒಗೆದ ಪಂಚೆ ಉಟ್ಟು, ಶಲ್ಯ ಹೆಗಲಿಗೆ ಹಾಕಿಕೊಂಡು, "ಬಾಮ್ಮಾ" ಎಂದು ಹೊರಟರು. ಮುಖ ತೋರಿಸಿ ಬರುತ್ತಾರೆ ಎಂದುಕೊಂಡೆ. ಎರಡು ಕಾಲೂ ನೆಟ್ಟಗೆ ಊರುತ್ತ ಬೀದಿ ಸುತ್ತಿ ನಡೆದು, ಚಪ್ಪರದೊಳಗೆ ಹೋಗಿ, ಪಂಕ್ತಿಯ ಕೊನೆಯಲ್ಲಿ ಖಾಲಿಯಿದ್ದ ಎಲೆಯ ಮುಂದೆ ಕೂತುಬಿಟ್ಟರು. ಬಡಿಸುತ್ತಿದ್ದ ಮಗ ಕಕ್ಕಾಬಿಕ್ಕಿಯಾಗಿ ನನ್ನತ್ತ ನೋಡಿದ. ಏನು ಬಡಿಸಬೇಕು, ಬಡಿಸಬಹುದೋ ಬಾರದೋ ಅವನಿಗೆ ತಿಳಿಯಲಿಲ್ಲ. ಕೈಯಲ್ಲಿ ಮುದ್ದೆಯ ಪಾತ್ರೆ ಹಿಡಿದು ನಿಂತೇ ಇದ್ದ.

"ಮೊದ್ಲು ಪಲ್ಯ ಹಾಕಪ್ಪಾ" ಎಂದರು ಮಾವ. "ಮುದ್ದೆ ಆಮೇಲೆ... ಸಣ್ಣದು."

ಅವರು ಎಲೆ ಖಾಲಿಯಾಗುವವರೆಗೂ ಉಂಡರು. ಬೆಲ್ಲದ ಪಾಯಸ ಬಂದಾಗ ಎಲೆಗೆ ಕೈ ಅಡ್ಡ ಹಿಡಿದರು. ಹೆಂಗಸರ ನಡುವೆ ನಿಂತಿದ್ದ ನಾನು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಈಗ ಮಾವನೂ ಇಲ್ಲ. ಹೋಗುವವರೆಗೆ ಹತ್ತೂ ಬೆರಳು ಅವರ ಜೊತೆಗಿದ್ದವು. ಹಿಂದಿನ ಮನೆ ಮಾರಾಟವಾಗಿ, ಆ ಜಾಗದಲ್ಲಿ ಎರಡಂತಸ್ತಿನ ಕಟ್ಟಡ ಎದ್ದಿದೆ. ಕಲ್ಲುಗೋಡೆ ಇದ್ದಲ್ಲಿ ಆಳೆತ್ತರದ ಕಾಂಪೌಂಡು. ಹೋದ ವರ್ಷ ನನಗೂ ಸಕ್ಕರೆ ಕಾಯಿಲೆ ಎಂದರು. ನವಣೆ ಈಗ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಆಕೆಯನ್ನು ಒಂದು ದಿನವಾದರೂ ಒಳಗೆ ಕರೆದು, ಕೂರಿಸಿ, ನನ್ನ ಕೈಯಾರೆ ಬಡಿಸಲಿಲ್ಲ. ಮಾವನಾದರೂ ಹೋಗಿ ಉಂಡು ಬಂದರು. ನಾನು ಅಷ್ಟೂ ಮಾಡಲಿಲ್ಲ.

ಮೊನ್ನೆ ಹುಚ್ಚೆಳ್ಳು ಆರಿದ ಮೇಲೆ ಪುಡಿ ಮಾಡಿ ಹಾಗಲಕಾಯಿಗೆ ಉದುರಿಸಿ, ತಟ್ಟೆಗೆ ಮೊದಲು ಪಲ್ಯ ಹಾಕಿಕೊಂಡೆ. ಕಿಟಕಿ ತೆರೆದೇ ಇತ್ತು. ಒಂದು ತುತ್ತು ಬಾಯಿಗಿಟ್ಟರೆ ಉಪ್ಪು ಕಮ್ಮಿ. ಯಾರೂ ಹೇಳಿರಲಿಲ್ಲ.